ಒಂದು ಡಿಗ್ರಿಯೂ ಇಲ್ಲದ ಬಿಸಿಗೆ ಮೀನು ಏಕೆ ಹೆದರಬೇಕು? ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಬೇಕಾಗಿದೆ

ಪಾಠದಮನೆ (ಮೂಲ ಬರಹ)
ನಾನು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಹವಾಮಾನ ಬದಲಾವಣೆಯ ಪಾಠ ಮಾಡುವಾಗ, 1850–1900ರ ಅವಧಿಗೆ ಹೋಲಿಸಿದರೆ 2011–2020ರ ಹೊತ್ತಿಗೆ ಕಡಲಿನ ಮೇಲ್ಮೈ ಸರಾಸರಿ 0.88 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ ಎಂದು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಬೆಳಗಿನಿಂದ ಮಧ್ಯಾಹ್ನದೊಳಗೆ ಹತ್ತು ಡಿಗ್ರಿ ಏರಿದರೂ ನಮಗೇನೂ ಆಗುವುದಿಲ್ಲ, ಒಂದು ಡಿಗ್ರಿಯೂ ಇಲ್ಲದ ಬಿಸಿಗೆ ಮೀನು ಏಕೆ ಹೆದರಬೇಕು?" ಎಂದು ಕೇಳಿದಳು. "ಕಡಲಿನ ಜೀವಿಗಳು ಬಹಳ ಸೂಕ್ಷ್ಮ" ಎಂದು ಹೇಳಿ ಮುಂದಿನ ಪುಟ ತಿರುಗಿಸಿಬಿಟ್ಟೆ. ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಿತ್ತು. ಸೋಮವಾರ ಆ ತರಗತಿಗೆ ಮತ್ತೆ ಹೋಗುವಾಗ ಸರಿಯಾದ ಉತ್ತರವೊಂದನ್ನು ಒಯ್ಯಬೇಕೆಂದಿದ್ದೇನೆ. ತಿಳಿದವರು ದಯವಿಟ್ಟು ನೆರವಾಗಿ.

ಅಲೆಲೆಕ್ಕ
ಮೇಡಂ, ಒಂದು ಡಿಗ್ರಿ ಎಂಬುದು ಗಾಳಿಯಲ್ಲಿ ಒಂದು ಅಳತೆ, ನೀರಿನಲ್ಲಿ ಬೇರೆಯೇ ಅಳತೆ. ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖವು ಕಡಲಿನ ಮೇಲಿನ ಸುಮಾರು ಮೂರು ಮೀಟರ್ ನೀರನ್ನು ಅಷ್ಟೇ ಬಿಸಿಮಾಡುವಷ್ಟರಲ್ಲಿ ಮುಗಿದುಹೋಗುತ್ತದೆ, ಕಡಲಿನ ಸರಾಸರಿ ಆಳವೋ ಸುಮಾರು 3,700 ಮೀಟರ್. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದ ಶೇ 90ಕ್ಕೂ ಹೆಚ್ಚಿನ ಪಾಲನ್ನು ಕಡಲು ಒಳಗೆಳೆದುಕೊಂಡಿದೆ. ಹೀಗಾಗಿ 0.88 ಎಂಬ ಸಂಖ್ಯೆ ಚಿಕ್ಕದಾಗಿ ಕಾಣುವುದಕ್ಕೆ ಕಾರಣ ಶಾಖ ಕಡಿಮೆ ಎಂಬುದಲ್ಲ, ಅದನ್ನು ತುಂಬಿಕೊಂಡ ಪಾತ್ರೆ ದೊಡ್ಡದು ಎಂಬುದು.

ಆಳನೀರು
ಅಲೆಲೆಕ್ಕ ಅವರು ಕಡಲಿನ ಲೆಕ್ಕ ಹೇಳಿದರು, ಹುಡುಗಿ ಕೇಳಿದ್ದು ಮೀನಿನ ಲೆಕ್ಕ. ಹೊರಗೆ ಹತ್ತು ಡಿಗ್ರಿ ಏರಿದರೂ ನಮ್ಮ ಮೈಯೊಳಗೆ 37 ಡಿಗ್ರಿಯೇ ಇರುತ್ತದೆ. ಬೆವರು, ನಡುಕ, ನೆರಳು, ಬಟ್ಟೆ ಎಲ್ಲವೂ ಅದನ್ನು ಕಾಪಾಡಲು ಇವೆ. ಮೀನಿಗೆ ಅಂಥ ಏರ್ಪಾಡು ಯಾವುದೂ ಇಲ್ಲ, ಅದಕ್ಕೆ ನೀರಿನ ಬಿಸಿಯೇ ಮೈಯ ಬಿಸಿ. ಆದ್ದರಿಂದ ಹೋಲಿಸಬೇಕಾದದ್ದು ಮಧ್ಯಾಹ್ನದ ಬಿಸಿಲಿಗೆ ಅಲ್ಲ, ಜ್ವರಕ್ಕೆ. ಒಂದು ಡಿಗ್ರಿ ಜ್ವರ ಇಳಿಯದೆ ಉಳಿದರೆ ಹೇಗಿರುತ್ತದೆ ಎಂದು ಅವಳನ್ನೇ ಕೇಳಿ.

ಕಿವಿರು
ಜ್ವರದ ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಸರಿ ಎನ್ನಬೇಕಾಗುತ್ತದೆ. ಸಮಶೀತೋಷ್ಣ ಕಡಲಿನ ಮೀನುಗಳು ಚಳಿಗಾಲ ಮತ್ತು ಬೇಸಿಗೆಯ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಪ್ರತಿ ವರ್ಷ ತಾಳಿಕೊಳ್ಳುತ್ತವೆ. ಟ್ಯೂನಾದಂಥ ಕೆಲವು ಮೀನುಗಳು ಸ್ನಾಯುಗಳಲ್ಲಿ ತಮ್ಮದೇ ಶಾಖವನ್ನು ಹಿಡಿದಿಟ್ಟುಕೊಳ್ಳಬಲ್ಲವು. ನಿಜವಾದ ಇಕ್ಕಟ್ಟು ಇರುವುದು ಉಸಿರಿನಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ, ಅದೇ ಬಿಸಿಗೆ ಮೀನಿನ ದೇಹದ ಕೆಲಸ ವೇಗವಾಗಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಆದಾಯ ಇಳಿದು ಖರ್ಚು ಏರಿದ ಮನೆಯಂತೆ ಮೀನು ನಡುವೆ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಬಿಸಿಯಾದ ಮೇಲಿನ ನೀರು ಹಗುರವಾಗಿ ಕೆಳಗಿನ ತಣ್ಣೀರಿನೊಂದಿಗೆ ಬೆರೆಯುವುದು ಕಡಿಮೆಯಾಗುವುದರಿಂದ, ಮೇಲಿನ ಆಮ್ಲಜನಕ ಕೆಳಗಿಳಿಯುವುದಿಲ್ಲ, ಕೆಳಗಿನ ಪೋಷಕಾಂಶ ಮೇಲೇರುವುದಿಲ್ಲ. 1960ರಿಂದ ಈಚೆಗೆ ಜಗತ್ತಿನ ಕಡಲುಗಳು ತಮ್ಮ ಆಮ್ಲಜನಕದಲ್ಲಿ ಸುಮಾರು ಶೇ 2ರಷ್ಟನ್ನು ಕಳೆದುಕೊಂಡಿವೆ.

ಆಳನೀರು
ಒಪ್ಪಿದೆ, ಆದಾಯ ಮತ್ತು ಖರ್ಚಿನ ಹೋಲಿಕೆ ನನ್ನದಕ್ಕಿಂತ ಉತ್ತಮ.

ಸಂಶಯಿ
ಮೊದಲು ಆ 0.88ರ ಬಗ್ಗೆಯೇ ನನಗೆ ಅನುಮಾನವಿದೆ. 1850ರಲ್ಲಿ ಕಡಲಿನ ಉಷ್ಣತೆಯನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಅಳೆದವರು ಯಾರು? ಹಳೆಯ ಅಳತೆಗಳನ್ನು ನಂತರ ತಿದ್ದಲಾಗಿದೆ ಎಂದು ಓದಿದ್ದೇನೆ. ತಿದ್ದಿದ ಅಂಕಿಗಳನ್ನು ಮಕ್ಕಳ ಮುಂದೆ ಸತ್ಯವೆಂದು ಇಡುವ ಮೊದಲು ಹೇಗೆ ತಿದ್ದಿದರು ಎಂಬುದನ್ನೂ ಹೇಳಬೇಕಲ್ಲವೇ?

ಬಂದರುಬಿಟ್ಟವ
ಸಂಶಯಿ ಅವರೇ, ಇದಕ್ಕೆ ನಾನು ಉತ್ತರಿಸಬಲ್ಲೆ, ಏಕೆಂದರೆ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ. ಹಿಂದಿನ ನಾವಿಕರು ಬಕೆಟ್ಟನ್ನು ಹಗ್ಗಕ್ಕೆ ಕಟ್ಟಿ ಕಡಲಿಗೆ ಇಳಿಬಿಟ್ಟು, ನೀರನ್ನು ಮೇಲೆಳೆದು, ಅದರಲ್ಲಿ ಉಷ್ಣಮಾಪಕ ಮುಳುಗಿಸುತ್ತಿದ್ದರು. ಬಟ್ಟೆಯ ಬಕೆಟ್ ಮೇಲೆ ಬರುವಷ್ಟರಲ್ಲಿ ಗಾಳಿಗೆ ನೀರು ಆವಿಯಾಗಿ ಸ್ವಲ್ಪ ತಣ್ಣಗಾಗುತ್ತಿತ್ತು, ಹಾಗಾಗಿ ಅಳತೆ ನಿಜಕ್ಕಿಂತ ಕಡಿಮೆ ಬರುತ್ತಿತ್ತು. ನಂತರದ ಕಾಲದಲ್ಲಿ ಎಂಜಿನ್ ತಂಪುಮಾಡಲು ಒಳಗೆಳೆದುಕೊಳ್ಳುವ ನೀರಿನ ಉಷ್ಣತೆಯನ್ನು ಬರೆಯತೊಡಗಿದರು. ನಾನೂ ಪ್ರತಿ ಪಾಳಿಯಲ್ಲಿ ಅದನ್ನು ಪುಸ್ತಕಕ್ಕೆ ಇಳಿಸಿದವನೇ. ಎಂಜಿನ್ ಕೋಣೆಯ ಬಿಸಿಯಿಂದ ಆ ಅಳತೆ ಸ್ವಲ್ಪ ಹೆಚ್ಚು ಬರುತ್ತದೆ. ಇವೆರಡನ್ನೂ ಒಂದೇ ನೆಲೆಗೆ ತರಲು ಹಳೆಯ ಬಕೆಟ್ ಅಳತೆಗಳನ್ನು ಮೇಲಕ್ಕೆ ತಿದ್ದಿದರು. ಅದರ ಪರಿಣಾಮವೇನು ಗೊತ್ತೇ? ಹಿಂದಿನ ಕಡಲು ಬಿಸಿಯಾಗಿತ್ತು ಎಂದಾದ್ದರಿಂದ, ಒಟ್ಟು ಏರಿಕೆ ಕಡಿಮೆಯಾಯಿತು. ತಿದ್ದದೆ ಬಿಟ್ಟಿದ್ದರೆ ಕಡಲು ಇನ್ನೂ ಹೆಚ್ಚು ಬಿಸಿಯಾದಂತೆ ಕಾಣುತ್ತಿತ್ತು.

ಸಂಶಯಿ
ಇದು ನನಗೆ ತಿಳಿದಿರಲಿಲ್ಲ. ತಿದ್ದುಪಡಿ ಏರಿಕೆಯನ್ನು ಹೆಚ್ಚಿಸಲು ಮಾಡಿದ್ದೆಂದೇ ನಂಬಿದ್ದೆ. ಈ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಬೇರೆ ಪ್ರಶ್ನೆಗಳು ಇನ್ನೂ ಇವೆ.

ಅಲೆಲೆಕ್ಕ
ಈಗ ಬಕೆಟ್ಟಿನ ಮೇಲೆ ನಂಬಿಕೆಯಿಡುವ ಅಗತ್ಯವೂ ಇಲ್ಲ. ಈ ಶತಮಾನದ ಆರಂಭದಿಂದ ಆರ್ಗೋ ಎಂಬ ತೇಲುಯಂತ್ರಗಳನ್ನು ಕಡಲಿಗೆ ಬಿಡಲಾಗುತ್ತಿದೆ. ಇಂದು ಸುಮಾರು 4,000 ಯಂತ್ರಗಳು ತೇಲುತ್ತಿವೆ, ಪ್ರತಿಯೊಂದೂ 2,000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ ಮತ್ತು ಉಪ್ಪಿನಂಶವನ್ನು ಅಳೆದು ಉಪಗ್ರಹಕ್ಕೆ ಕಳುಹಿಸುತ್ತದೆ.

ಏಡಿಗಾಲು
ಮೇಡಂ, ಹುಡುಗಿಗೆ ಒಂದೇ ಒಂದು ಪ್ರಕರಣ ಹೇಳಬೇಕೆಂದರೆ ಅಲಾಸ್ಕದ ಪಕ್ಕದ ಬೇರಿಂಗ್ ಸಮುದ್ರದ ಹಿಮ ಏಡಿಗಳದ್ದನ್ನು ಹೇಳಿ. 2018 ಮತ್ತು 2019ರಲ್ಲಿ ಅಲ್ಲಿನ ನೀರು ಅಸಾಧಾರಣವಾಗಿ ಬಿಸಿಯಾಗಿತ್ತು. 2021ರ ಎಣಿಕೆಯ ಹೊತ್ತಿಗೆ ಸಾವಿರ ಕೋಟಿಗೂ ಹೆಚ್ಚು ಏಡಿಗಳು ಕಾಣೆಯಾಗಿದ್ದವು. 2022ರ ಅಕ್ಟೋಬರಿನಲ್ಲಿ ಆ ಏಡಿಯ ಬೇಟೆಯನ್ನು ಇತಿಹಾಸದಲ್ಲೇ ಮೊದಲ ಬಾರಿಗೆ ಅಲಾಸ್ಕದಲ್ಲಿ ನಿಲ್ಲಿಸಲಾಯಿತು. ಗಮನಿಸಬೇಕಾದದ್ದು ಅವು ಸತ್ತ ಬಗೆಯನ್ನು: ಆ ಬಿಸಿಯಲ್ಲಿ ಏಡಿ ಬೇಯುವುದಿಲ್ಲ, ಅದಕ್ಕಿಂತ ಬಿಸಿಯಾದ ನೀರನ್ನೂ ಅದು ತಾಳಬಲ್ಲದು. ಆದರೆ ನೀರು ಸೊನ್ನೆ ಡಿಗ್ರಿಯಿಂದ ಮೂರಕ್ಕೆ ಏರಿದರೆ ಏಡಿಗೆ ಬೇಕಾಗುವ ಆಹಾರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಅದೇ ವರ್ಷಗಳಲ್ಲಿ ಏಡಿಗಳು ದೊಡ್ಡ ಸಂಖ್ಯೆಯಲ್ಲಿ ಚಿಕ್ಕ ಜಾಗದಲ್ಲಿ ಒತ್ತಾಗಿ ಸೇರಿದ್ದವು. ಹಸಿವು ಎರಡು ಪಟ್ಟಾಯಿತು, ತಟ್ಟೆ ಅಷ್ಟೇ ಉಳಿಯಿತು. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹಸಿವೇ ಮುಖ್ಯ ಕಾರಣವಿರಬೇಕು ಎನ್ನುತ್ತದೆ.

ಪಾಠದಮನೆ
ಏಡಿಗಾಲು ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. "ಬಿಸಿಗೆ ಸತ್ತವು" ಎಂದು ಇಷ್ಟು ವರ್ಷ ಕಲಿಸಿದ್ದೇನೆ. "ಹಸಿದು ಸತ್ತವು" ಎಂಬುದು ಬೇರೆಯೇ ಪಾಠ.

ನಡುನೀರು
ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬೇಕು. 0.88 ಎಂಬುದು ಇಡೀ ಜಗತ್ತಿನ ಸರಾಸರಿ. ಯಾವ ಮೀನೂ ಸರಾಸರಿಯಲ್ಲಿ ಬದುಕುವುದಿಲ್ಲ. ಸರಾಸರಿ ಸ್ವಲ್ಪ ಏರಿದಾಗ, ಅದರ ಮೇಲೆ ಬಂದೆರಗುವ ಸಾಗರ ಉಷ್ಣ ಅಲೆಗಳ (ನೀರು ದಿನಗಟ್ಟಲೆ ಅಸಾಧಾರಣವಾಗಿ ಬಿಸಿಯಾಗಿ ಉಳಿಯುವ ಅವಧಿಗಳ) ತುದಿ ಇನ್ನೂ ಮೇಲಕ್ಕೆ ಹೋಗುತ್ತದೆ. 1980ರ ದಶಕದಿಂದ ಇಂಥ ಅಲೆಗಳ ಸಂಖ್ಯೆ ಸುಮಾರು ಎರಡು ಪಟ್ಟಾಗಿದೆ. 2011ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ವಾರಗಟ್ಟಲೆ ನೀರು ಬಿಸಿಯಾಗಿ ಉಳಿದಾಗ, ಶಾರ್ಕ್ ಬೇಯ ಕಡಲಹುಲ್ಲಿನ ಮೂರನೆಯ ಒಂದಕ್ಕೂ ಹೆಚ್ಚು ಭಾಗ ಹಾಳಾಯಿತು, ಕೆಲ್ಪ್ ಎಂಬ ಎತ್ತರದ ಕಂದುಪಾಚಿಯ ಕಾಡು ಸುಮಾರು ನೂರು ಕಿಲೋಮೀಟರ್ ತೀರದಲ್ಲಿ ಇಲ್ಲವಾಯಿತು. ಈಶಾನ್ಯ ಪೆಸಿಫಿಕ್‌ನಲ್ಲಿ 2014ರಿಂದ 2016ರವರೆಗೆ ನಿಂತ ಬಿಸಿನೀರಿನ ಹರಹಿನಲ್ಲಿ ಮರ್ ಎಂಬ ಕಡಲಹಕ್ಕಿಗಳು ಮೀನು ಸಿಗದೆ ಲಕ್ಷಗಟ್ಟಲೆ ಸತ್ತವು. ಅಲ್ಲಿಯೂ ಕಥೆ ಹಸಿವಿನದೇ.

ಸಂಶಯಿ
ನನ್ನ ಎರಡನೆಯ ಪ್ರಶ್ನೆ. ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲಾದ ಗ್ರೇಟ್ ಬ್ಯಾರಿಯರ್ ರೀಫ್ ಸಾಯುತ್ತಿದೆ ಎಂದು ಎಲ್ಲೆಡೆ ಬರೆಯುತ್ತಾರೆ. ಆದರೆ ಆಸ್ಟ್ರೇಲಿಯಾದ ಸಾಗರ ವಿಜ್ಞಾನ ಸಂಸ್ಥೆಯೇ 2022ರಲ್ಲಿ, ಅದರ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹವಳದ ಹೊದಿಕೆ (ಜೀವಂತ ಹವಳ ಆವರಿಸಿದ ಭಾಗ) 36 ವರ್ಷಗಳ ವೀಕ್ಷಣೆಯಲ್ಲೇ ಅತಿ ಹೆಚ್ಚಾಗಿದೆ ಎಂದು ವರದಿ ಮಾಡಿತು. ಇದನ್ನು ಯಾರೂ ಹೇಳುವುದಿಲ್ಲವೇಕೆ?

ಹವಳಕಂಡವಳು
ನೀವು ಹೇಳಿದ ವರದಿ ನಿಜ, ಅದನ್ನು ಮುಚ್ಚಿಡುವ ಕಾರಣವೂ ಇಲ್ಲ. ಆದರೆ ಅದೇ ವರದಿಯ ಮುಂದಿನ ಸಾಲುಗಳನ್ನೂ ಓದಬೇಕು. ಆ ಏರಿಕೆಗೆ ಮುಖ್ಯ ಕಾರಣ ಅಕ್ರೊಪೊರಾ ಎಂಬ ಕವಲುಕವಲಾಗಿ ಬೆಳೆಯುವ ಹವಳ. ಅದು ಬೇಗ ಬೆಳೆಯುತ್ತದೆ, ಬಿಸಿಗೂ ಬಿರುಗಾಳಿಗೂ ಬೇಗ ಬೀಳುತ್ತದೆ. ಕಾಡು ಕಡಿದ ಜಾಗದಲ್ಲಿ ಎರಡು ಮಳೆಗಾಲಕ್ಕೆ ಪೊದೆ ತುಂಬಿಕೊಂಡು ನೆಲವೆಲ್ಲ ಹಸಿರಾದರೆ ನಾವು ಕಾಡು ಮರಳಿತೆನ್ನುತ್ತೇವೆಯೇ? 2024ರಲ್ಲಿ ಮತ್ತೆ ಭಾರಿ ಬಿಳಿಚುವಿಕೆ (ಬಿಸಿಗೆ ಹವಳ ಬಣ್ಣ ಕಳೆದುಕೊಳ್ಳುವುದು) ಬಂತು, 2025ರ ವರದಿಯಲ್ಲಿ ಉತ್ತರ ಮತ್ತು ದಕ್ಷಿಣ ಭಾಗಗಳು ವೀಕ್ಷಣೆ ಆರಂಭವಾದಾಗಿನಿಂದ ಒಂದೇ ವರ್ಷದಲ್ಲಿ ಕಾಣದಷ್ಟು ದೊಡ್ಡ ಇಳಿಕೆಯನ್ನು ದಾಖಲಿಸಿದವು. ಅಲ್ಲಿ 1998, 2002, 2016, 2017, 2020, 2022, 2024, 2025 ಹೀಗೆ ಬಿಳಿಚುವಿಕೆಯ ವರ್ಷಗಳನ್ನು ಸಾಲಾಗಿ ಬರೆದು ನಡುವಿನ ಅಂತರವನ್ನು ನೋಡಿ. ನನ್ನನ್ನು ಕಾಡುವುದು ಆ ಅಂತರ ಕುಗ್ಗುತ್ತಿರುವುದು.

ನಾನು ಹವ್ಯಾಸಕ್ಕೆ ನೀರಿಗಿಳಿಯುವವಳು. ಬಿಳಿಚಿದ ದಿಬ್ಬವನ್ನು ಮೊದಲ ಬಾರಿ ಕಂಡಾಗ ಕೆಲವು ಹವಳಗಳು ಹೊಳೆಯುವ ನೇರಳೆ, ಹಳದಿ ಬಣ್ಣದಲ್ಲಿದ್ದವು, ಎಷ್ಟು ಆರೋಗ್ಯವಾಗಿವೆ ಎಂದುಕೊಂಡೆ. ಜೊತೆಗಿದ್ದ ಹಿರಿಯರು ಮೇಲೆ ಬಂದ ನಂತರ, ಒಳಗಿನ ಪಾಚಿಯನ್ನು ಕಳೆದುಕೊಂಡ ಹವಳ ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ತೋರುವ ಕಡೆಯ ಬಣ್ಣ ಅದು ಎಂದು ಹೇಳಿದರು. ಎರಡು ತಿಂಗಳ ಬಳಿಕ ಅದೇ ಜಾಗಕ್ಕೆ ಇಳಿದಾಗ ಬಣ್ಣವೂ ಇರಲಿಲ್ಲ, ಬಿಳುಪೂ ಇರಲಿಲ್ಲ. ಎಲ್ಲದರ ಮೇಲೂ ಕಂದು ಪಾಚಿಯ ಮಂಕು ಪದರ ಹತ್ತಿಕೊಂಡಿತ್ತು.

ಓದುಗ42
ಬಿಳಿಚಿದ ಹವಳ ಸತ್ತ ಹವಳವೇ?

ಹವಳಕಂಡವಳು
ಅಲ್ಲ, ಬಹಳ ಜನ ಹಾಗೆ ತಿಳಿದಿದ್ದಾರೆ. ಹವಳದ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆ ಮನೆಯಲ್ಲಿದ್ದಂತೆ ಇರುತ್ತವೆ, ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಒದಗಿಸುತ್ತವೆ. ನೀರು ಬೇಸಿಗೆಯ ರೂಢಿಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಸುಮಾರು ನಾಲ್ಕು ವಾರ ಉಳಿದರೆ ಈ ಹೊಂದಾಣಿಕೆ ಮುರಿದು ಹವಳ ಪಾಚಿಯನ್ನು ಹೊರಗಟ್ಟುತ್ತದೆ, ಒಳಗಿನ ಸುಣ್ಣದ ಅಸ್ಥಿ ಕಾಣಿಸುತ್ತದೆ. ಬೇಗ ತಂಪಾದರೆ ಪಾಚಿ ಮರಳುತ್ತದೆ, ಹವಳ ಉಳಿಯುತ್ತದೆ. ಎಂಟು ವಾರವಾದರೆ ಉಳಿಯುವುದು ಕಷ್ಟ. ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತೋಚುವುದಿಲ್ಲ: ಒಂದೇ ಡಿಗ್ರಿ, ನಾಲ್ಕು ವಾರ.

ರಸಾಯನ
ಎಲ್ಲರೂ ಬಿಸಿಯ ಬಗ್ಗೆಯೇ ಬರೆಯುತ್ತಿದ್ದೀರಿ. ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ, ಇದರಿಂದ ಕಡಲು ಆಮ್ಲವಾಗಿಬಿಟ್ಟಿದೆ.

ಕಿವಿರು
"ಆಮ್ಲವಾಗಿಬಿಟ್ಟಿದೆ" ಎಂಬುದು ಸರಿಯಲ್ಲ. ಕಡಲು ಇಂದಿಗೂ ಕ್ಷಾರೀಯವೇ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, ಇಳಿದಷ್ಟೂ ಆಮ್ಲದ ಕಡೆಗೆ) ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದದ್ದು ಈಗ 8.1ರ ಆಸುಪಾಸಿನಲ್ಲಿದೆ.

ರಸಾಯನ
ಪದ ಬಳಸುವಲ್ಲಿ ಎಡವಿದೆ, ತಿದ್ದಿದ್ದಕ್ಕೆ ಧನ್ಯವಾದ. ಆಮ್ಲೀಕರಣವೆಂದರೆ ಆಮ್ಲದ ದಿಕ್ಕಿಗೆ ಸರಿಯುವುದು ಎಂದಷ್ಟೇ ಅರ್ಥ. ಆದರೆ 0.1 ಎಂಬುದನ್ನು ಚಿಕ್ಕದೆಂದು ಬಿಡಬೇಡಿ. ಪಿಎಚ್ ಲಾಗರಿದಮ್ ಮಾಪನವಾದ್ದರಿಂದ (ಒಂದು ಅಂಕ ಇಳಿದರೆ ಹತ್ತು ಪಟ್ಟು) ಅಷ್ಟು ಇಳಿಕೆಗೆ ಆಮ್ಲತೆ ತರುವ ಹೈಡ್ರೋಜನ್ ಅಯಾನುಗಳು ಸುಮಾರು ಶೇ 26ರಷ್ಟು ಹೆಚ್ಚಿವೆ ಎಂದರ್ಥ. ಆ ಅಯಾನುಗಳು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದುಕೊಂಡುಬಿಡುತ್ತವೆ, ಚಿಪ್ಪು ಕಟ್ಟುವ ಜೀವಿಗೆ ಬೇಕಾದದ್ದೂ ಅದೇ ಕಾರ್ಬೊನೇಟ್. ಅಮೆರಿಕದ ವಾಯವ್ಯ ತೀರದಲ್ಲಿ 2007ರ ನಂತರದ ಕೆಲವು ವರ್ಷ ಸಿಂಪಿ ಮರಿಗಳನ್ನು ಬೆಳೆಸುವ ಕೇಂದ್ರಗಳಲ್ಲಿ ಮರಿಗಳು ತೊಟ್ಟಿತೊಟ್ಟಿಯೇ ಸತ್ತವು. ಮೊದಲು ಬ್ಯಾಕ್ಟೀರಿಯಾ ಎಂದು ಶಂಕಿಸಿದರು. ಆಮೇಲೆ ತಿಳಿಯಿತು, ಆಳದಿಂದ ಮೇಲೆದ್ದು ಬರುವ ಇಂಗಾಲ ತುಂಬಿದ ನೀರಿನಲ್ಲಿ ಒಂದೆರಡು ದಿನದ ಮರಿ ತನ್ನ ಮೊದಲ ಚಿಪ್ಪನ್ನು ಕಟ್ಟಲಾರದೆ ಸೋಲುತ್ತಿತ್ತು. ಈಗ ಅಲ್ಲಿ ನೀರಿನ ರಸಾಯನವನ್ನು ಅಳೆಯುತ್ತ ಸೋಡಾ ಬೂದಿ ಬೆರೆಸಿ ಸರಿಪಡಿಸುತ್ತಾರೆ. ತೊಟ್ಟಿಗೆ ಬೆರೆಸಬಹುದು, ಕಡಲಿಗೆ ಬೆರೆಸುವವರು ಯಾರು?

ಸಂಶಯಿ
ರಸಾಯನ ಅವರ ಸಿಂಪಿಯ ಮಾತನ್ನು ಒಪ್ಪುತ್ತೇನೆ. ಆದರೆ ಇದೇ ವಿಷಯದಲ್ಲಿ ಅತಿಶಯದ ಮಾತುಗಳೂ ಬಂದಿವೆ. ಆಮ್ಲೀಕರಣದಿಂದ ಹವಳದ ದಿಬ್ಬದ ಮೀನುಗಳಿಗೆ ಬುದ್ಧಿ ಕೆಟ್ಟು ಬೇಟೆಗಾರ ಮೀನಿನ ವಾಸನೆಯ ಕಡೆಗೇ ಈಜುತ್ತವೆ ಎಂದು ದೊಡ್ಡ ಸುದ್ದಿಯಾಗಿತ್ತು. 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ, ಹೆಚ್ಚು ಮೀನುಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ಆಳನೀರು
ಇದು ನ್ಯಾಯವಾದ ಮಾತು, ಮೇಡಂ ಈ ಉದಾಹರಣೆಯನ್ನು ತರಗತಿಯಲ್ಲಿ ಬಳಸದಿರುವುದೇ ಒಳ್ಳೆಯದು. ಗಟ್ಟಿಯಾದ ಸಾಕ್ಷ್ಯ ಇಷ್ಟು ಇರುವಾಗ ಅಲುಗಾಡುವ ಒಂದನ್ನು ಮುಂದಿಟ್ಟರೆ, ಅದು ಬಿದ್ದ ದಿನ ಉಳಿದವುಗಳ ಮೇಲಿನ ನಂಬಿಕೆಯೂ ಬೀಳುತ್ತದೆ.

ಮರಳಗೂಡು
ಗಟ್ಟಿಯಾದದ್ದು ಬೇಕೆಂದರೆ ಕಡಲಾಮೆ ಇದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮೊಟ್ಟೆಯಿರುವ ಮರಳಿನ ಬಿಸಿ ನಿರ್ಧರಿಸುತ್ತದೆ: ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಸಮವಾಗಿ ಹುಟ್ಟಿದರೆ, ಒಂದೆರಡು ಡಿಗ್ರಿ ಏರಿದರೆ ಬರೀ ಹೆಣ್ಣು ಹುಟ್ಟುತ್ತವೆ. ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಬೆಚ್ಚಗಿನ ಗೂಡುಗಳಿಂದ ಬಂದ ಹಸಿರು ಕಡಲಾಮೆಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಳೆಯ ಆಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣಾಗಿದ್ದವು; ದೊಡ್ಡ ಆಮೆಗಳಲ್ಲಿ ಹೆಣ್ಣಿನ ಪಾಲು ಸುಮಾರು ಶೇ 87. ವಯಸ್ಸಾದವಕ್ಕೂ ಎಳೆಯವಕ್ಕೂ ನಡುವಿನ ಈ ವ್ಯತ್ಯಾಸವೇ ಬದಲಾವಣೆ ಎಷ್ಟು ಈಚಿನದೆಂದು ಹೇಳುತ್ತದೆ. ಒಂದೂ ಆಮೆ ಸತ್ತಿಲ್ಲ, ಆದರೂ ಮುಂದಿನ ಪೀಳಿಗೆ ಅಪಾಯದಲ್ಲಿದೆ.

ಬಂದರುಬಿಟ್ಟವ
ಹಡಗಿನವನಾಗಿ ನನ್ನ ಮನಸ್ಸಿನಲ್ಲಿ ಉಳಿದಿರುವುದು ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು. ಅವು ಈಗ ನಾನೂರಕ್ಕಿಂತ ಕಡಿಮೆ ಉಳಿದಿವೆ. ನೀರಿನಲ್ಲಿ ತೇಲುವ, ಅಕ್ಕಿಕಾಳಿನಷ್ಟು ಸಣ್ಣ ಪ್ರಾಣಿಪ್ಲವಕವೊಂದು ಅವುಗಳ ಮುಖ್ಯ ಆಹಾರ. 2010ರ ಸುಮಾರಿಗೆ ಅಮೆರಿಕದ ಈಶಾನ್ಯ ತೀರದ ಮೇಯ್ನ್ ಕೊಲ್ಲಿಯ ಆಳದ ನೀರು ಬಿಸಿಯಾಗಿ ಆ ಪ್ಲವಕ ಕಡಿಮೆಯಾಯಿತು, ತಿಮಿಂಗಿಲಗಳು ಆಹಾರ ಹುಡುಕುತ್ತ ಉತ್ತರಕ್ಕೆ ಕೆನಡಾದ ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಹಳೆಯ ಜಾಗದಲ್ಲಿ ಅವುಗಳಿಗಾಗಿ ಹಡಗಿನ ದಾರಿಯನ್ನೇ ಬದಲಿಸಿದ್ದರು. ಹೊಸ ಜಾಗದಲ್ಲಿ ಯಾವ ನಿಯಮವೂ ಇರಲಿಲ್ಲ, ಏಕೆಂದರೆ ಅಷ್ಟು ತಿಮಿಂಗಿಲಗಳು ಅಲ್ಲಿಗೆ ಬರುತ್ತವೆಂದು ಯಾರೂ ಎಣಿಸಿರಲಿಲ್ಲ. 2017ರಲ್ಲಿ ಕೆನಡಾ ಮತ್ತು ಅಮೆರಿಕದ ನೀರಿನಲ್ಲಿ ಒಟ್ಟು 17 ಸತ್ತವು, ಪರೀಕ್ಷೆಯಲ್ಲಿ ಕಾರಣ ತಿಳಿದವುಗಳಲ್ಲಿ ಹೆಚ್ಚಿನವಕ್ಕೆ ಹಡಗು ಬಡಿದಿತ್ತು ಇಲ್ಲವೇ ಬಲೆಯ ಹಗ್ಗ ಸುತ್ತಿಕೊಂಡಿತ್ತು. ದಾಖಲೆಯಲ್ಲಿ "ಹಡಗು ಡಿಕ್ಕಿ" ಎಂದಿರುತ್ತದೆ, ಅವು ಆ ದಾರಿಗೆ ಏಕೆ ಬಂದವು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ನಂತರ ಕೆನಡಾ ಅಲ್ಲಿ ಹಡಗುಗಳ ವೇಗಕ್ಕೆ ಮಿತಿ ಹಾಕಿತು.

ನಡುನೀರು
ಕಡಲಿನಲ್ಲಿ ಬಹಳಷ್ಟು ಜೀವಿಗಳು ಧ್ರುವಗಳ ಕಡೆಗೆ ಸರಿಯುತ್ತಿವೆ. ಮೇಲ್ಪದರದ ಜೀವಿಗಳು 1950ರ ದಶಕದಿಂದ ಪ್ರತಿ ದಶಕಕ್ಕೆ ಸರಾಸರಿ 50 ಕಿಲೋಮೀಟರಿನಷ್ಟು ಸ್ಥಳ ಬದಲಿಸಿವೆ. ತೊಂದರೆಯೆಂದರೆ ಬೇಟೆ ಮತ್ತು ಬೇಟೆಗಾರ ಒಂದೇ ವೇಗದಲ್ಲಿ ಸರಿಯುವುದಿಲ್ಲ, ಹವಳವಂತೂ ಎದ್ದು ನಡೆಯಲಾರದು.

ಸಂಶಯಿ
ಕಡೆಯ ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ. ಭೂಮಿ ಇದಕ್ಕಿಂತ ಬಿಸಿಯಾಗಿದ್ದ ಕಾಲವಿತ್ತು, ಆಗಲೂ ಕಡಲಿನಲ್ಲಿ ಜೀವ ಉಳಿಯಿತು.

ಕಿವಿರು
ಜೀವ ಉಳಿಯಿತು, ಆದರೆ ಅದೇ ಜೀವಿಗಳಲ್ಲ. ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿ ಐದಾರು ಡಿಗ್ರಿ ಬಿಸಿಯಾದಾಗ, ಕಡಲಿನ ತಳದಲ್ಲಿ ಬದುಕುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಪ್ರಭೇದಗಳಲ್ಲಿ ಶೇ 30ರಿಂದ 50ರಷ್ಟು ಅಳಿದವು. ಆಗ ಇಂಗಾಲ ಹೊರಬಿದ್ದದ್ದು ಸಾವಿರಾರು ವರ್ಷಗಳಲ್ಲಿ, ನಾವು ಅದನ್ನು ಶತಮಾನಗಳ ಲೆಕ್ಕದಲ್ಲಿ ಮಾಡುತ್ತಿದ್ದೇವೆ. ವಿಕಾಸಕ್ಕೆ ಸಮಯ ಬೇಕು, ನಾವು ಕೊಡದಿರುವುದು ಅದನ್ನೇ.

ಓದುಗ42
ಪ್ರಯೋಗಾಲಯದಲ್ಲಿ ಹವಳ ಬೆಳೆಸಿ ಮತ್ತೆ ನೆಡುತ್ತಾರಂತೆ. ಅದರಿಂದ ಪರಿಹಾರವಾಗುವುದಿಲ್ಲವೇ?

ಹವಳಕಂಡವಳು
ಆ ಕೆಲಸ ಮಾಡುವವರ ಬಗ್ಗೆ ನನಗೆ ಬಹಳ ಗೌರವವಿದೆ, ಅದನ್ನು ನಿಲ್ಲಿಸಬಾರದು. ಆದರೆ 2023ರ ಬೇಸಿಗೆಯಲ್ಲಿ ಫ್ಲಾರಿಡಾದಲ್ಲಿ ನೀರು ಎಷ್ಟು ಬಿಸಿಯಾಯಿತೆಂದರೆ, ಕಡಲೊಳಗಿನ ನರ್ಸರಿಗಳಲ್ಲಿ ಬೆಳೆಸುತ್ತಿದ್ದ ಹವಳದ ತುಂಡುಗಳನ್ನು ಕೈಯಿಂದ ಬಿಡಿಸಿ ದಡದ ಮೇಲಿನ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ನೆಡಲು ಕಡಲೇ ಯೋಗ್ಯವಾಗಿಲ್ಲದಿದ್ದರೆ ಎಷ್ಟು ಸಸಿ ಬೆಳೆಸಿ ಏನು? ಜಾಗತಿಕ ತಾಪಮಾನದ ಏರಿಕೆ 1.5 ಡಿಗ್ರಿಯಲ್ಲಿ ನಿಂತರೂ ಹವಳದ ದಿಬ್ಬಗಳು ಶೇ 70ರಿಂದ 90ರಷ್ಟು ಕುಗ್ಗುತ್ತವೆ, 2 ಡಿಗ್ರಿಗೆ ಹೋದರೆ ಶೇ 99ಕ್ಕಿಂತ ಹೆಚ್ಚು ಹೋಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲಿ ಅಂದಾಜಿಸಿತ್ತು. ಆ ಅರ್ಧ ಡಿಗ್ರಿಯ ನಡುವೆ ಉಳಿಯುವ ತುಣುಕಿಗಾಗಿಯೇ ಕಲ್ಲಿದ್ದಲು ಮತ್ತು ತೈಲ ಸುಡುವುದನ್ನು ಕಡಿಮೆ ಮಾಡಬೇಕೆಂದು ನಾನು ಹಟ ಹಿಡಿಯುವುದು.

ಪಾಠದಮನೆ
ಎಲ್ಲರಿಗೂ ಕೃತಜ್ಞತೆಗಳು. ಏಡಿಯ ಹಸಿವು, ಹವಳದ ನಾಲ್ಕು ವಾರ, ತಿಮಿಂಗಿಲದ ಹೊಸ ದಾರಿ ಈ ಮೂರನ್ನು ಹೇಳುವುದೆಂದು ತೀರ್ಮಾನಿಸಿದ್ದೇನೆ. ಆದರೆ ಆ ಹುಡುಗಿಯನ್ನು ಬಲ್ಲೆ, ಮುಂದೆ ಅವಳು "ಹೊಗೆ ನಿಲ್ಲಿಸಿದರೆ ಕಡಲು ಯಾವಾಗ ತಣ್ಣಗಾಗುತ್ತದೆ?" ಎಂದು ಕೇಳಿಯೇ ಕೇಳುತ್ತಾಳೆ.

ಅಲೆಲೆಕ್ಕ
ಅದಕ್ಕೆ ಎರಡು ಉತ್ತರಗಳಿವೆ, ಎರಡನ್ನೂ ಹೇಳಿ. ಹೊರಸೂಸುವಿಕೆ ನಿವ್ವಳ ಸೊನ್ನೆಗೆ ಬಂದರೆ (ಹೊರಬಿಟ್ಟಷ್ಟು ಇಂಗಾಲವನ್ನು ಹಿಂತೆಗೆದುಕೊಳ್ಳುವಂತಾದರೆ) ಮೇಲ್ಮೈಯ ಬಿಸಿ ಮುಂದೆ ಏರುವುದು ಹೆಚ್ಚುಕಡಿಮೆ ನಿಲ್ಲುತ್ತದೆ, ಅಂದರೆ ಉಷ್ಣ ಅಲೆಗಳು ಇನ್ನಷ್ಟು ಭೀಕರವಾಗುವುದೂ ತಪ್ಪುತ್ತದೆ. ಆಳದ ಕಥೆ ಬೇರೆ. ಅಟ್ಲಾಂಟಿಕ್‌ನ ಉತ್ತರದಲ್ಲಿ ಮುಳುಗಿದ ನೀರು ಜಗತ್ತನ್ನು ಸುತ್ತಿ ಮೇಲೆ ಬರಲು ಸುಮಾರು ಸಾವಿರ ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಶಾಖ ಕೆಳಗಿಳಿಯುತ್ತಲೇ ಇರುತ್ತದೆ, ಬಿಸಿಯಾದ ನೀರು ಹಿಗ್ಗುತ್ತಲೇ ಇರುತ್ತದೆ. 1.5 ಡಿಗ್ರಿಯಲ್ಲಿ ನಿಲ್ಲಿಸಿದರೂ ಮುಂದಿನ 2,000 ವರ್ಷಗಳಲ್ಲಿ ಕಡಲಿನ ಮಟ್ಟ ಎರಡರಿಂದ ಮೂರು ಮೀಟರ್ ಏರುತ್ತದೆಂಬ ಅಂದಾಜಿದೆ.

ಇನ್ನೊಂದು ಸಲಹೆ. ಆರ್ಗೋ ತೇಲುಯಂತ್ರಗಳ ಅಳತೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ತರಗತಿಯ ಮಕ್ಕಳು ಒಂದು ಯಂತ್ರವನ್ನು ಆರಿಸಿಕೊಳ್ಳಲಿ, ಅದು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಹೊಸ ಅಳತೆ ಕಳುಹಿಸುತ್ತದೆ. ಮೇಲಿನಿಂದ 2,000 ಮೀಟರ್‌ವರೆಗೆ ಬಿಸಿ ಹೇಗೆ ಇಳಿಯುತ್ತದೆಂಬ ಗೆರೆಯನ್ನು ಅವರೇ ಎಳೆಯಬಹುದು.

ಸಂಶಯಿ
ಆ ಗೆರೆಯನ್ನು ಇಲ್ಲಿಯೂ ಹಂಚಿಕೊಳ್ಳಿ ಮೇಡಂ, ನಾನೂ ನೋಡಬೇಕು.

ಪಾಠದಮನೆ
ಖಂಡಿತ. ಸೋಮವಾರದ ಮೊದಲ ಅಳತೆಯನ್ನು ಆ ಹುಡುಗಿಯ ಕೈಯಿಂದಲೇ ಹಲಗೆಯ ಮೇಲೆ ಬರೆಸುತ್ತೇನೆ.